ಹುರುಳಿ ಸಾರು ಬೇಡ ಎಂದ ಮಗಳು

“ಅಯ್ಯನವರೇ, ಮಾಡಿದ ಉಪಕಾರವನ್ನು ಮಕ್ಕಳು ಇಷ್ಟು ಬೇಗ ಮರೆತುಬಿಡುತ್ತಾರಲ್ಲ, ಅದು ಏಕೆ?”

ಕೇಳಿದವನು ಸತ್ಯಮಿತ್ರ. ಕ್ರೈಸ್ತ ಸಭೆಯ ಸೇವೆಯನ್ನು ಕಲಿಯಲು ಬೋಧಕರಾದ ಜೀವರತ್ನ ಅಯ್ಯನವರ ಬಳಿ ಇದ್ದವನು. ತಂದೆತಾಯಿ ಇಲ್ಲದ ಮಕ್ಕಳು ಅನಾಥಾಲಯದಲ್ಲೇ ಬೆಳೆದು ದೊಡ್ಡವರಾಗುವುದು ಬೇಡ, ಒಂದೊಂದು ಮಗುವಿಗೂ ಸಭೆಯ ಒಂದೊಂದು ಕುಟುಂಬ ಸಿಗಲಿ ಎಂದು ಅಯ್ಯನವರು ಆ ಕೆಲಸವನ್ನು ಅವನಿಗೆ ಒಪ್ಪಿಸಿದ್ದರು.

ಎರಡು ವರ್ಷದ ಹಿಂದೆ ಯೋನ ಎಂಬ ಮಗುವಿಗಾಗಿ ಸತ್ಯಮಿತ್ರ ಹದಿನೇಳು ಮನೆಗಳ ಬಾಗಿಲು ತಟ್ಟಿದ್ದ. ಮಗುವಿಗೆ ಟೈಫಾಯ್ಡ್ ಬಂದಾಗ ಒಂಬತ್ತು ದಿನ ಆಸ್ಪತ್ರೆಯಲ್ಲಿ ಅದರ ಪಕ್ಕದಲ್ಲೇ ಕೂತಿದ್ದ. ಕೊನೆಗೆ ಒಂದು ಮನೆ ಒಪ್ಪಿತು. ಮೊನ್ನೆ ಆ ಊರಿಗೆ ಹೋದವನು ಒಂದು ಬಿಸ್ಕತ್ತು ಪೊಟ್ಟಣ ತೆಗೆದುಕೊಂಡು ಯೋನನನ್ನು ನೋಡಲು ಹೋದ. ಯೋನ ಅಂಗಳದಲ್ಲಿ ಗೋಲಿ ಆಡುತ್ತಿದ್ದ. ತಲೆಯೆತ್ತಿ ನೋಡಿ, “ಅಮ್ಮಾ, ಯಾರೋ ಬಂದಿದ್ದಾರೆ” ಎಂದು ಕೂಗಿ ಮತ್ತೆ ಗೋಲಿ ಆಡತೊಡಗಿದ.

“ಯಾರೋ ಅಂದ, ಅಯ್ಯನವರೇ. ಬಿಸ್ಕತ್ತನ್ನು ಆ ತಾಯಿಯ ಕೈಗೆ ಕೊಟ್ಟು ಬಂದುಬಿಟ್ಟೆ. ನನಗೆ ಬಹಳ ಬೇಜಾರಾಗಿದೆ. ಇನ್ನು ಈ ಕೆಲಸ ನನ್ನಿಂದ ಆಗುವುದಿಲ್ಲ ಅನಿಸುತ್ತಿದೆ.”

ಅಯ್ಯನವರು ಸ್ವಲ್ಪ ಸಿಡುಕಿನ ಮನುಷ್ಯ. “ನೀನು ಹೋದದ್ದು ಬಿಸ್ಕತ್ತು ಕೊಡಲಿಕ್ಕೋ, ಹಾರ ಹಾಕಿಸಿಕೊಳ್ಳಲಿಕ್ಕೋ?” ಎಂದರು. ಅವನ ಮುಖ ಇನ್ನಷ್ಟು ಸಣ್ಣದಾದದ್ದನ್ನು ನೋಡಿ ಪಾಪ ಅನಿಸಿತು. “ಸರಿ, ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ” ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಅವನಿಗೆ ಹೆಂಡತಿ, ಇಬ್ಬರು ಗಂಡುಮಕ್ಕಳು. ಒಂದು ಭಾನುವಾರ ಅವರ ಸಭೆಗೆ ಪಕ್ಕದ ಊರಿನಲ್ಲಿ ಅನಾಥ ಮಕ್ಕಳ ಮನೆ ನಡೆಸುವ ಹಿರಿಯರೊಬ್ಬರು ಬಂದರು. ಬೋಧಕರ ಪ್ರಸಂಗ ಮುಗಿದ ಮೇಲೆ ಎದ್ದು ನಿಂತು, “ನಮ್ಮಲ್ಲಿ ನಲವತ್ತು ಮಕ್ಕಳಿದ್ದಾರೆ. ಅನ್ನಕ್ಕೆ, ಬಟ್ಟೆಗೆ ದೇವರು ಕೊರತೆ ಮಾಡಿಲ್ಲ. ಅವರಿಗೆ ಇಲ್ಲದ್ದು ಅಪ್ಪ ಅಮ್ಮ. ನಿಮ್ಮಲ್ಲಿ ಯಾರಾದರೂ ಒಂದು ಮಗುವನ್ನು ನಿಮ್ಮದು ಮಾಡಿಕೊಳ್ಳುತ್ತೀರಾ?” ಎಂದು ಕೇಳಿದರು.

ಎಲ್ಲರೂ ಹಾಡಿನ ಪುಸ್ತಕ ತಿರುವತೊಡಗಿದರು. ಅಂಥ ಹೊತ್ತಿನಲ್ಲಿ ನಮ್ಮ ಜನಕ್ಕೆ ಹಾಡುಗಳ ಮೇಲೆ ಎಲ್ಲಿಲ್ಲದ ಭಕ್ತಿ ಬರುತ್ತದೆ. ದರ್ಜಿಯೂ ಪುಸ್ತಕ ತಿರುವುತ್ತಿದ್ದ. ಹೆಂಗಸರ ಸಾಲಿನಲ್ಲಿ ಒಂದು ಕೈ ಮೇಲೆ ಬಂತು. ನೋಡಿದರೆ ಅವನ ಹೆಂಡತಿಯದೇ. ಅವನನ್ನು ಒಂದು ಮಾತೂ ಕೇಳಿರಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಅವನು ಗೊಣಗಿದ. “ಎರಡು ಹೊಟ್ಟೆಗೆ ಹಾಕುವವಳಿಗೆ ಮೂರನೆಯದು ಭಾರವಾಗುವುದಿಲ್ಲ” ಎಂದಳು. ಅಲ್ಲಿಗೆ ಅವನೂ ಒಪ್ಪಿದ. ಒಳ್ಳೆಯವನೇ, ಆದರೆ ಹೆದರುಪುಕ್ಕಲ.

ಹಿರಿಯರು ಏಳು ವರ್ಷದ ಒಂದು ಹುಡುಗಿಯನ್ನು ಕರೆತಂದು ಬಿಟ್ಟರು. “ಮೂರು ವರ್ಷದ ಮಗುವಾಗಿದ್ದಾಗ ಇವಳನ್ನು ನನ್ನ ಕೈಯಲ್ಲೇ ಎತ್ತಿ ತಂದಿದ್ದೆ. ಒಂದು ವರ್ಷ ನಿಮ್ಮಲ್ಲಿರಲಿ. ಎರಡು ಸಲ ಬಂದು ನೋಡುತ್ತೇನೆ. ಇವಳು ಚೆನ್ನಾಗಿದ್ದರೆ ಇವಳು ನಿಮ್ಮವಳು ಎಂದು ಕಾಗದಕ್ಕೆ ಸಹಿ ಹಾಕುತ್ತೇನೆ. ಇಲ್ಲವಾದರೆ ವಾಪಸ್ ಕರೆದುಕೊಂಡು ಹೋಗುತ್ತೇನೆ” ಎಂದರು.

ಆ ಮಕ್ಕಳ ಮನೆಯನ್ನು ಹೀಗಳೆಯುತ್ತಿದ್ದೇನೆ ಎಂದು ತಿಳಿಯಬೇಡ. ಯಾರೂ ಇಲ್ಲದವರಿಗೆ ಅದು ಸೂರು ಕೊಟ್ಟಿತ್ತು. ಆದರೆ ಅಲ್ಲಿ ಒಂದು ವಾಡಿಕೆ ಇತ್ತು. ಗಂಟೆ ಹೊಡೆದರೆ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ನಿಲ್ಲಬೇಕು. ಅನ್ನ ಬಿದ್ದ ಮೇಲೆ ಕೈಮುಗಿದು ಹೇಳಬೇಕು: ಅನ್ನ ಕೊಟ್ಟ ದೇವರಿಗೆ ಸ್ತೋತ್ರ, ಕಳಿಸಿದ ದಾನಿಗಳಿಗೆ ಸ್ತೋತ್ರ, ಬಡಿಸಿದ ಅಮ್ಮನವರಿಗೆ ಸ್ತೋತ್ರ. ಆಮೇಲೆಯೇ ಊಟ. ಕೃತಜ್ಞತೆ ಕಲಿಯಲಿ ಎಂದು ಮಾಡಿದ ಏರ್ಪಾಡು.

ಮೊದಲ ದಿನ ದರ್ಜಿಯ ಹೆಂಡತಿ ತಟ್ಟೆಗೆ ಅನ್ನ ಹಾಕಿದಳು. ಹುಡುಗಿ ತಟ್ಟೆ ಎತ್ತಿಕೊಂಡು ಎದ್ದು ನಿಂತು ಮೂರು ಸ್ತೋತ್ರವನ್ನೂ ಹೇಳಿದಳು. ದರ್ಜಿಗೆ ಕಣ್ಣು ತುಂಬಿ ಬಂತು. ತನ್ನ ಗಂಡುಮಕ್ಕಳ ಕಡೆ ತಿರುಗಿ, “ನೋಡಿ ಕಲಿಯಿರೋ” ಎಂದ. ಅವರು ಆ ಹೊತ್ತಿಗೆ ಹಪ್ಪಳಕ್ಕೆ ಜಗಳವಾಡುತ್ತಿದ್ದರು.

ಹುಡುಗಿ ನೀರು ಕೊಟ್ಟರೆ ಸ್ತೋತ್ರ ಹೇಳಿದಳು. ತಲೆ ಬಾಚಿದರೆ ಸ್ತೋತ್ರ ಹೇಳಿದಳು. ದರ್ಜಿಯ ಹೆಂಡತಿಯನ್ನು ಅಮ್ಮ ಎಂದು ಕರೆದಳು. ಅವಳಿಗೆ ಎಷ್ಟು ಹಿಗ್ಗು! ಮಾರನೆಯ ದಿನ ಹುಡುಗಿ ಸೊಪ್ಪು ಮಾರುವವಳನ್ನೂ ಅಮ್ಮ ಎಂದಳು, ಹಾಲಿನವಳನ್ನೂ ಅಮ್ಮ ಎಂದಳು. ಮಕ್ಕಳ ಮನೆಯಲ್ಲಿ ಸೀರೆ ಉಟ್ಟವರೆಲ್ಲ ಅಮ್ಮಂದಿರೇ. ತನ್ನ ಬಟ್ಟೆಯನ್ನು ಗಂಟು ಕಟ್ಟಿ ಬಾಗಿಲ ಪಕ್ಕದಲ್ಲಿ ಇಟ್ಟುಕೊಂಡಿದ್ದಳು. ಟ್ರಂಕಿನಲ್ಲಿ ಇಡು ಎಂದರೆ, “ಪರವಾಗಿಲ್ಲ ಅಮ್ಮ, ಸ್ತೋತ್ರ” ಎನ್ನುತ್ತಿದ್ದಳು.

ಊರವರೆಲ್ಲ ಎಂಥ ಚಿನ್ನದಂಥ ಹುಡುಗಿ ಎಂದರು. ಹಿರಿಯರು ಮೊದಲ ಸಲ ನೋಡಲು ಬಂದಾಗಲೂ ಹುಡುಗಿ ಎದ್ದು ನಿಂತು ಕೈಮುಗಿದಳು. ಹಿರಿಯರಿಗೆ ಸಂತೋಷವಾಯಿತು. ಇದು ಒಳ್ಳೆಯ ಮನೆ ಎಂದು ಹೇಳಿ ಹೋದರು.

ದರ್ಜಿಯ ಹೆಂಡತಿಗೆ ಮಾತ್ರ ಸಮಾಧಾನವಿಲ್ಲ. ಒಂದು ದಿನ ಬೇಕೆಂದೇ ಸಾರಿಗೆ ಉಪ್ಪು ಹಾಕಲಿಲ್ಲ. ಮೊದಲ ತುತ್ತಿಗೇ ಗಂಡುಮಕ್ಕಳಿಬ್ಬರೂ, “ಥೂ, ಇದೇನಮ್ಮಾ!” ಎಂದು ಕಿರುಚಿದರು. ಗಂಡ ತಟ್ಟೆಯಿಂದ ತಲೆಯೆತ್ತಿ ನೋಡಿದ. ಹುಡುಗಿ ಒಂದಗುಳೂ ಬಿಡದೆ ಊಟ ಮಾಡಿದಳು. “ಹೇಗಿದೆ?” ಎಂದು ಕೇಳಿದರೆ, “ಚೆನ್ನಾಗಿದೆ ಅಮ್ಮ, ಸ್ತೋತ್ರ” ಎಂದಳು.

ಆ ತಾಯಿ ಒಲೆಯ ಮುಂದೆ ಕೂತು ಅತ್ತಳು. ಆ ದಿನದಿಂದ ಒಂದೇ ಪ್ರಾರ್ಥನೆ. “ಕರ್ತನೇ, ಈ ಮಗು ಒಂದು ಸಲ ನನ್ನ ಹತ್ತಿರ ಹಟ ಮಾಡಲಿ.” ಬೇರೆ ತಾಯಂದಿರು ಕೇಳಿದ್ದರೆ ಇವಳಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಪ್ರತಿ ಶುಕ್ರವಾರ ಅವಳು ಅದಕ್ಕಾಗಿ ಉಪವಾಸವನ್ನೂ ಮಾಡಿದಳು. ಗಂಡನಿಗೆ ಹೇಳಲಿಲ್ಲ.

ಮಕ್ಕಳು ಒಂದೇ ದಿನದಲ್ಲಿ ಬದಲಾಗುವುದಿಲ್ಲ. ನಾಲ್ಕನೆಯ ತಿಂಗಳಲ್ಲಿ ಹುಡುಗಿ ಒಮ್ಮೆ ನೀರು ಕುಡಿದು ಸ್ತೋತ್ರ ಹೇಳುವುದನ್ನು ಮರೆತಳು. ತಾಯಿ ಗಮನಿಸಿದಳು, ಸುಮ್ಮನಿದ್ದಳು. ಆರನೆಯ ತಿಂಗಳಲ್ಲಿ ದರ್ಜಿ ಒಂದೇ ಥಾನಿನ ಬಟ್ಟೆಯಲ್ಲಿ ಗಂಡುಮಕ್ಕಳಿಗೆ ಅಂಗಿ, ಅವಳಿಗೆ ಲಂಗ ಹೊಲಿದ. ಅವಳು ಅದನ್ನು ಹಾಕಿಕೊಂಡು ಚಿಕ್ಕವನ ಜೊತೆ ಕಿಟಕಿಯ ಜಾಗಕ್ಕೆ ಜಗಳವಾಡಿದಳು. ಯಾವಾಗಲೋ ಬಾಗಿಲ ಪಕ್ಕದ ಗಂಟು ಬಿಚ್ಚಿ, ಬಟ್ಟೆಯೆಲ್ಲ ಟ್ರಂಕು ಸೇರಿತು. ಸೊಪ್ಪಿನವಳು ಆಂಟಿಯಾದಳು. ಅಮ್ಮನಿಗೆ “ನೀವು” ಎನ್ನುತ್ತಿದ್ದವಳು “ನೀನು” ಎನ್ನತೊಡಗಿದಳು.

ಹನ್ನೊಂದನೆಯ ತಿಂಗಳು ಒಂದು ಶನಿವಾರ ಹಿರಿಯರು ಎರಡನೆಯ ಸಲ ಬಂದರು. ಅದೇ ಕೊನೆಯ ಭೇಟಿ. ಸಹಿ ಹಾಕುವ ಕಾಗದ ಜೇಬಿನಲ್ಲೇ ಇತ್ತು. ದರ್ಜಿ ಹಿಂದಿನ ದಿನವೇ ಹುಡುಗಿಗೆ ಹೇಳಿಕೊಟ್ಟಿದ್ದ: “ಹಿರಿಯರು ಬಂದಾಗ ಎದ್ದು ನಿಂತು ಸ್ತೋತ್ರ ಹೇಳಮ್ಮ, ಮರೆಯಬೇಡ.” ಅವಳು ಹೂಂ ಎಂದಿದ್ದಳು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು. ತಾಯಿ ಬಡಿಸಿದಳು. ಹುಡುಗಿ ತಟ್ಟೆ ನೋಡಿದಳು. ಹೇಳಿಕೊಟ್ಟದ್ದೆಲ್ಲ ಅವಳಿಗೆ ಮರೆತುಹೋಯಿತು. ತಟ್ಟೆಯನ್ನು ಎರಡು ಕೈಯಿಂದ ದೂರ ತಳ್ಳಿದಳು.

“ಇವತ್ತೂ ಹುರುಳಿ ಸಾರಾ? ನನಗೆ ಬೇಡ ಹೋಗಮ್ಮ. ನೀನೇ ತಿನ್ನು.”

ಹಿರಿಯರ ಕೈ ತುತ್ತಿನಲ್ಲೇ ನಿಂತಿತು. ಅವರಿಗೆ ಕೋಪಕ್ಕಿಂತ ದುಃಖವೇ ಹೆಚ್ಚಾಯಿತು. “ನಾಲ್ಕು ವರ್ಷ ನಾವು ಕಲಿಸಿದ್ದು ಒಂದು ವರ್ಷದಲ್ಲಿ ಹಾಳಾಯಿತಲ್ಲ. ಅನ್ನವನ್ನು ತಳ್ಳುವ ಮಗುವನ್ನು ನಾನು ಈ ಮನೆಗೆ ಕೊಟ್ಟಿರಲಿಲ್ಲ. ಇವಳನ್ನು ನಾನು ಕರೆದುಕೊಂಡು ಹೋಗುತ್ತೇನೆ” ಎಂದರು.

ದರ್ಜಿ ಹೆದರಿಕೆಯಲ್ಲಿ ಹುಡುಗಿಯ ಮೇಲೆ ರೇಗಿದ. ಹುಡುಗಿ ಥಟ್ಟನೆ ಎದ್ದು ನಿಂತಳು. ಕೈಮುಗಿದಳು. ಅನ್ನ ಕೊಟ್ಟ ದೇವರಿಗೆ ಸ್ತೋತ್ರ, ಕಳಿಸಿದ ದಾನಿಗಳಿಗೆ ಸ್ತೋತ್ರ, ಬಡಿಸಿದ ಅಮ್ಮನವರಿಗೆ ಸ್ತೋತ್ರ ಎಂದು ಮೂರನ್ನೂ ಒಂದೇ ಉಸಿರಿಗೆ ಹೇಳಿ, ಒಳಗೆ ಹೋದಳು. ಗಂಟು ಕಟ್ಟಬೇಕಲ್ಲ. ಟ್ರಂಕು ತೆಗೆದಳು. ಅದರಲ್ಲಿ ಅವಳ ಲಂಗ, ಅಣ್ಣಂದಿರ ಅಂಗಿ, ಅಮ್ಮನ ಹಳೆಯ ಸೀರೆ ಎಲ್ಲ ಕಲೆತುಹೋಗಿದ್ದವು. ಒಂದನ್ನು ಎತ್ತಿದಳು, ಕೆಳಗಿಟ್ಟಳು. ಇನ್ನೊಂದನ್ನು ಎತ್ತಿದಳು. ತನ್ನದು ಯಾವುದು, ಯಾವುದನ್ನು ತೆಗೆದುಕೊಂಡು ಹೋಗಬೇಕು ಎಂದು ಗೊತ್ತಾಗದೆ ಟ್ರಂಕಿನ ಮುಂದೆ ನಿಂತುಬಿಟ್ಟಳು. ಹಿರಿಯರಿಗೆ ಕೂತಲ್ಲಿಂದಲೇ ಅದು ಕಾಣುತ್ತಿತ್ತು.

ದರ್ಜಿಯ ಹೆಂಡತಿ ಸೌಟು ಕೆಳಗಿಟ್ಟು ಹಿರಿಯರ ಎದುರು ಕೂತಳು.

“ಹಿರಿಯರೇ, ಇವಳು ಬಂದ ದಿನದಿಂದ ನೀರಿಗೂ ನನಗೆ ಸ್ತೋತ್ರ ಹೇಳಿದಳು. ಉಪ್ಪಿಲ್ಲದ ಸಾರು ಹಾಕಿದರೂ ಚೆನ್ನಾಗಿದೆ ಅಂದಳು. ನೆಂಟರ ಮನೆಯಲ್ಲಿ ಹಾಗೆ ಉಣ್ಣುತ್ತಾರೆ. ತನ್ನ ಮನೆಯಲ್ಲಿ ಯಾರು ಹಾಗೆ ಉಣ್ಣುತ್ತಾರೆ? ಇವಳು ಒಂದು ಸಲ ನನಗೆ ಬೇಡ ಅನ್ನಲಿ ಅಂತ ಎಷ್ಟು ಶುಕ್ರವಾರ ಉಪವಾಸ ಮಾಡಿದ್ದೇನೆ ಗೊತ್ತೇ? ದೇವರು ಇವತ್ತು ಕೊಟ್ಟ. ಕೊಟ್ಟ ಗಳಿಗೆಯಲ್ಲೇ ನೀವು ಕಿತ್ತುಕೊಂಡು ಹೋಗುತ್ತೀರಾ?”

ತಾವು ಬೆಳೆದ ಮನೆಯ ಊಟ ಹಿರಿಯರ ನೆನಪಿಗೆ ಬಂದಿರಬೇಕು. ಅವರೂ ಒಬ್ಬ ತಾಯಿಯ ಮಗನೇ, ಅವರೂ ತಟ್ಟೆ ತಳ್ಳಿರಬೇಕು. ಹುರುಳಿ ಸಾರನ್ನು ಕಲಸಿಕೊಂಡು ಪೂರ್ತಿ ಊಟ ಮಾಡಿದರು. ಕೈ ತೊಳೆದು ಕಾಗದ ತೆಗೆದು ಸಹಿ ಹಾಕಿದರು. ಆಮೇಲೆ ಒಳಗೆ ಹೋಗಿ ಟ್ರಂಕಿನ ಮುಚ್ಚಳವನ್ನು ತಾವೇ ಮುಚ್ಚಿದರು.

ಹುಡುಗಿ ತಾಯಿಯ ಮುಖ ನೋಡಿದಳು, ಹಿರಿಯರ ಮುಖ ನೋಡಿದಳು. ಹೋಗುವುದಿಲ್ಲ ಎಂದು ಖಾತ್ರಿಯಾಯಿತು. “ಹಾಗಾದರೆ ಮೊಟ್ಟೆ ಮಾಡಿಕೊಡುತ್ತೀಯಾ?” ಎಂದು ಕೇಳಿದಳು. ತಾಯಿ ಅಳುತ್ತಲೇ ಮೊಟ್ಟೆ ಮಾಡಿದಳು. ಗಂಡುಮಕ್ಕಳು ತಮಗೂ ಬೇಕು ಎಂದು ಗಲಾಟೆ ಎಬ್ಬಿಸಿದರು. ದರ್ಜಿ ಆಗ ನಗಲು ಶುರುಮಾಡಿದವನು, ಸಂಜೆಯವರೆಗೂ ನಡುನಡುವೆ ನಗುತ್ತಲೇ ಇದ್ದ.

ಹಿರಿಯರು ಆ ದಿನ ಊರಲ್ಲೇ ಉಳಿದು ಮಾರನೆಯ ದಿನ ಸಭೆಗೂ ಬಂದರು. ನಮ್ಮ ಸಭೆಗಳ ವಾಡಿಕೆ ನಿನಗೆ ಗೊತ್ತಿರುವುದೇ. ಒಳ್ಳೆಯದೇನಾದರೂ ಆದರೆ ಒಂದು ಚೀಟಿಯಲ್ಲಿ ಬರೆದು ಕಾಣಿಕೆಯ ಜೊತೆ ಕೊಡುತ್ತಾರೆ. ಬೋಧಕರು ಎಲ್ಲರ ಮುಂದೆ ಓದುತ್ತಾರೆ. ಮಗನಿಗೆ ಕೆಲಸ ಸಿಕ್ಕಿತು, ಸ್ತೋತ್ರ. ಮಂಡಿನೋವು ವಾಸಿಯಾಯಿತು, ಸ್ತೋತ್ರ. ಎಮ್ಮೆ ಹೆಣ್ಣುಗರು ಹಾಕಿತು, ಸ್ತೋತ್ರ. ಆ ಭಾನುವಾರ ಬೋಧಕರು ಒಂದು ಚೀಟಿಯನ್ನು ಬಿಚ್ಚಿ, ಕನ್ನಡಕ ಸರಿಮಾಡಿಕೊಂಡು, ಓದಲೋ ಬೇಡವೋ ಎಂದು ಅನುಮಾನಿಸಿ, ಓದಿದರು.

“ನನ್ನ ಮಗಳು ನಾನು ಮಾಡಿದ ಸಾರು ಬೇಡ ಎಂದಳು. ಅದಕ್ಕಾಗಿ ಕರ್ತನಿಗೆ ಸ್ತೋತ್ರ.”

ಕೆಲವರು ನಕ್ಕರು. ಹೆಂಗಸರ ಸಾಲಿನಲ್ಲಿ ನಾಲ್ಕಾರು ಜನ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಎಲ್ಲರಿಗಿಂತ ಜೋರಾಗಿ ಆಮೆನ್ ಎಂದವರು ಆ ಹಿರಿಯರು.

ಅಯ್ಯನವರು ಕತೆ ನಿಲ್ಲಿಸಿದರು. ಸತ್ಯಮಿತ್ರ ಇನ್ನೇನೋ ಇದೆ ಎಂದು ಕಾದ. ಅಯ್ಯನವರು ಮೇಜಿನ ಮೇಲಿದ್ದ ಒಂದು ತುಂಡು ಕಾಗದವನ್ನೂ ಪೆನ್ನನ್ನೂ ಅವನ ಕಡೆಗೆ ಸರಿಸಿದರು.

“ನಾಡಿದ್ದು ಭಾನುವಾರ. ‘ಯೋನ ನನ್ನನ್ನು ಮರೆತಿದ್ದಾನೆ, ಅದಕ್ಕಾಗಿ ಸ್ತೋತ್ರ’ ಎಂದು ಬರೆ.”

ಯೋನ ‘ಅಮ್ಮಾ’ ಎಂದು ಕೂಗಿದ್ದು ನೆನಪಾಗಿ ಸತ್ಯಮಿತ್ರ ಪೆನ್ನು ಹಿಡಿದು ಬರೆಯತೊಡಗಿದ.