ಎಲ್ಲಿ ಊರಿದಳೋ

"ಬುದ್ಧಿ, ನನ್ನ ತಾಯಿ ತೀರಿಹೋಗಿ ವರ್ಷಗಳೇ ಆದವು. ಜಪಕ್ಕೆ ಕೂತರೂ ಅವಳೇ, ಊಟಕ್ಕೆ ಕೂತರೂ ಅವಳೇ. ಈ ಹಂಬಲ ಹೋಗಬೇಕಾದರೆ ಏನು ಮಾಡಬೇಕು?" ಎಂದು ಶಿಷ್ಯ ಸೋಮಲಿಂಗ ಕೇಳಿದ.

"ಹೋಗಲೇಬೇಕು ಅಂತ ನಿನಗೆ ಹೇಳಿದವರು ಯಾರು? ನಾನಂತೂ ಹೇಳಿಲ್ಲ. ಕೂತುಕೋ" ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೇಕಾರ. ಮಗ್ಗ ಬಿಟ್ಟರೆ ಅವನಿಗೆ ಬೇರೆ ಪ್ರಪಂಚವಿಲ್ಲ. ಹಿತ್ತಲು ಹೆಂಡತಿಯದು. ಗಿಡಗಳ ಗಂಧಗಾಳಿ ಇಲ್ಲದ ಮನುಷ್ಯ ಅವನು. ಗೌರಿ ಹೂವಿನ ಬಳ್ಳಿಯೊಂದನ್ನು ಮಾತ್ರ ಬಲ್ಲ, ಅದೂ ಹೂ ಬಿಟ್ಟಾಗ. ಹೆಂಡತಿ ಅದರ ಗೆಡ್ಡೆಯನ್ನು ಊರ ಗುಡ್ಡದಿಂದ ತಂದು ಬೇಲಿಯ ಬುಡದಲ್ಲಿ ಊರಿದ್ದಳು. ಮಳೆ ಬಿದ್ದರೆ ಚಿಗುರುವುದು, ಗೌರಿ ಹಬ್ಬದ ಹೊತ್ತಿಗೆ ಕೆಂಪು ಹಳದಿಯಾಗಿ ಅರಳುವುದು, ಚಳಿ ಬಂದರೆ ಒಣಗಿ ಮಾಯವಾಗುವುದು. ಬೇಸಿಗೆಯಲ್ಲಿ ನೋಡಿದರೆ ಬರೀ ಮಣ್ಣು. ಗೆಡ್ಡೆ ಒಳಗೆ ಮಲಗಿರುತ್ತದೆ. ಪ್ರತಿ ವರ್ಷ ಮೊದಲ ಹೂವನ್ನು ಅವಳು ಮಗ್ಗದ ಹತ್ತಿರ ತಂದು ತೋರಿಸುತ್ತಿದ್ದಳು. ಅವನು 'ಹೂಂ' ಎಂದು ಮತ್ತೆ ಲಾಳಿ ಎಸೆಯುತ್ತಿದ್ದ.

ಒಂದು ಬೇಸಿಗೆಯಲ್ಲಿ ಹೆಂಡತಿ ಜ್ವರ ಬಂದು ತೀರಿಕೊಂಡಳು. ತಿಥಿ ಮುಗಿದ ಮೇಲೆ ಅವನು ಹಿತ್ತಲಿಗೆ ಹೋದ. ಬೇಲಿಯ ಬುಡ ಅಗೆದು ಬರಿದಾಗಿತ್ತು. ನಾದಿನಿಯನ್ನು ಕೇಳಿದ.

'ಅಲ್ಲಿ ದನ ತುಳಿಯುತ್ತವೆ ಅಂತ ಅಕ್ಕ ಜ್ವರ ಬರುವ ಮುಂಚೆ ಗೆಡ್ಡೆ ಕಿತ್ತು ಬೇರೆ ಕಡೆ ಊರಿದಳು ಭಾವ. ಹಿತ್ತಲಲ್ಲೇ. ಎಲ್ಲಿ ಅಂತ ನಾನು ಕೇಳಲಿಲ್ಲ' ಎಂದಳು ಅವಳು.

ಮುಂಗಾರು ಬಂತು. ಊರವರೆಲ್ಲ ಹಿತ್ತಲು ಅಗೆದು ಅವರೆ, ಬದನೆ ಹಾಕಿದರು. ಇವನು ಗುದ್ದಲಿ ಮುಟ್ಟಲಿಲ್ಲ. ಮುಟ್ಟುವುದು ಹೇಗೆ? ಎಲ್ಲಿ ಅಗೆದರೂ ಗೆಡ್ಡೆಗೆ ಏಟು ಬಿದ್ದೀತು. ಹೋಗಲಿ, ಕಳೆಯನ್ನಾದರೂ ಕೀಳಬಹುದಲ್ಲ ಅಂತೀಯಾ? ಅಲ್ಲೇ ಇರುವುದು ಫಜೀತಿ. ಆ ಬಳ್ಳಿಯ ಮೊಳಕೆ ಹೇಗಿರುತ್ತದೆ ಎಂದು ಅವನು ಒಮ್ಮೆಯೂ ನೋಡಿರಲಿಲ್ಲ. ನೆಲ ಸೀಳಿ ಬಂದ ಪ್ರತಿಯೊಂದು ಹಸಿರೂ ಅವನಿಗೆ ಅದೇ ಇರಬಹುದು ಅನ್ನಿಸಿತು. ಬೆಳಗಾದರೆ ಒಂದೊಂದರ ಮುಂದೆಯೂ ಕುಕ್ಕರಗಾಲಲ್ಲಿ ಕೂತು ನೋಡುವನು. ಅದು ಬೆಳೆದು ತುಂಬೆಯಾಗುವುದು. ಇನ್ನೊಂದು ಹೊನಗೊನ್ನೆಯಾಗುವುದು. ಅಷ್ಟು ದಿನ ಕಾದು ನೋಡಿದ್ದನ್ನು ಕೀಳಲು ಕೈ ಬರುವುದೇ? ಬಿಟ್ಟ.

ಗೌರಿ ಹಬ್ಬ ಬಂತು, ಹೋಯಿತು. ಬಳ್ಳಿ ಕಾಣಲಿಲ್ಲ. ಅವತ್ತು ಅವನು ಮಗ್ಗದ ಮುಂದೆ ಕೂತು ಅತ್ತ.

ಚಳಿಗಾಲದಲ್ಲಿ ಬೇಲಿಯುದ್ದಕ್ಕೂ ಶಂಖಪುಷ್ಪ ಹಬ್ಬಿತು. ಬೇಸಿಗೆಯಲ್ಲಿ ಎಲ್ಲ ಒಣಗಿದರೂ ಆವರಿಕೆ ಹಳದಿ ಹೂ ಬಿಟ್ಟು ನಿಂತಿತು. ಮತ್ತೆ ಮಳೆ, ಮತ್ತೆ ಮೊಳಕೆ, ಮತ್ತೆ ಅದೇ ಹುಡುಕಾಟ. ಹೀಗೇ ವರ್ಷಗಳು ಕಳೆದವು. ಸಾರಿನ ಸೊಪ್ಪಿಗೆ, ಪೂಜೆಯ ಹೂವಿಗೆ, ಮಗುವಿನ ಕೆಮ್ಮಿನ ಮದ್ದಿಗೆ ಊರ ಹೆಂಗಸರು ಅವನ ಹಿತ್ತಲಿಗೇ ಬರುವಂತಾಯಿತು. ಜೇನು ಕಟ್ಟಿತು. ಹಿಂದೆಂದೂ ಕಾಣದ ಹಕ್ಕಿಗಳು ಬಂದವು. ಬಂದವರಿಗೆಲ್ಲ ಅವನು ಹೇಳುತ್ತಿದ್ದದ್ದು ಒಂದೇ, 'ನೋಡಿಕೊಂಡು ಕಾಲಿಡಿ.'

ನಾದಿನಿಗೆ ಅವನ ಸಂಕಟ ನೋಡಲಾಗಲಿಲ್ಲ. 'ಭಾವ, ಅದು ಯಾವತ್ತೋ ಕೊಳೆತುಹೋಗಿರುತ್ತೆ. ಇನ್ನೆಷ್ಟು ದಿನ ಹೀಗೆ ಮಣ್ಣು ನೋಡಿಕೊಂಡು ಕೂರುತ್ತೀರಿ? ಮನಸ್ಸು ಗಟ್ಟಿ ಮಾಡಿಕೊಂಡು ಒಂದು ಸಲ ಅಗೆಸಿಬಿಡಿ' ಎಂದಳು.

'ಕೊಳೆತಿರಬಹುದಮ್ಮ' ಎಂದ ಅವನು. 'ಆದರೆ ಅವಳು ತಂದು ತೋರಿಸಿದಾಗ ನಾನು ಸರಿಯಾಗಿ ನೋಡಲಿಲ್ಲ. ಈಗ ನೋಡಬೇಕು ಅನ್ನಿಸುತ್ತೆ.'

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಸೋಮಲಿಂಗನಿಗೆ ತಡೆಯಲಾಗಲಿಲ್ಲ.

"ಕೊನೆಗೂ ಆ ಬಳ್ಳಿ ಬಂತೇ, ಬುದ್ಧಿ?"

"ಮೊದಲ ವರ್ಷವೇ ಬಂದುಬಿಟ್ಟಿದ್ದರೆ, ಮಿಕ್ಕದ್ದನ್ನೆಲ್ಲ ಅವನು ಅವತ್ತೇ ಕಳೆ ಅಂತ ಕಿತ್ತು ಎಸೆಯುತ್ತಿದ್ದ ಕಣಪ್ಪ."