ಅಲುಗದ ಮುಳ್ಳು

"ಸರ್, ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ ಒಂದು ಕೋಣೆ ಖಾಲಿ ಬಿದ್ದಿದೆಯಲ್ಲ, ಅದನ್ನು ನನಗೊಬ್ಬನಿಗೇ ಕೊಡಿಸುತ್ತೀರಾ? ಜನರ ನಡುವೆ ಕೂತು ಸಂಶೋಧನೆ ಮಾಡಲು ಆಗುತ್ತದೆಯೇ?"

ಕೇಳಿದವನು ಇಂದುಧರ. ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದ. ಯಂತ್ರದ ಬೇರಿಂಗ್ ಸವೆದು ಮುರಿಯುವುದನ್ನು ಮುಂಚೆಯೇ ತಿಳಿಯುವುದು ಹೇಗೆ ಎಂಬುದು ಅವನ ವಿಷಯ. ಕೆಲಸ ಮುಂದೆ ಸಾಗುತ್ತಿರಲಿಲ್ಲ. ಲ್ಯಾಬಿನ ಹರಟೆ, ನಗು, ಟೀ ಲೋಟದ ಸದ್ದು, ಎಲ್ಲದರ ಮೇಲೂ ಅವನಿಗೆ ಸಿಟ್ಟು. ಜೊತೆಯವರು ಕ್ಯಾಂಟೀನಿಗೆ ಕರೆದರೆ ತಲೆ ಎತ್ತುತ್ತಿರಲಿಲ್ಲ. ಈಗ ಅವರು ಕರೆಯುವುದನ್ನೇ ಬಿಟ್ಟಿದ್ದರು. ಅವನಿಗೆ ಬೇಕಾಗಿದ್ದದ್ದೂ ಅದೇ. ಆದರೂ ಅವರೆಲ್ಲ ತನ್ನ ಮೇಜನ್ನು ದಾಟಿಕೊಂಡು ಹೋಗುವಾಗ ಓದಿದ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದ.

ಅವನ ಗೈಡ್ ವೃಷಭೇಂದ್ರಯ್ಯನವರು ಕನ್ನಡಕ ತೆಗೆದು ಒರೆಸಿದರು. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಟ್ಟು ಅವರಿಗೆ ಅಭ್ಯಾಸವಿರಲಿಲ್ಲ.

"ಕೋಣೆಗೇನಯ್ಯ, ನಾಳೆಯೇ ಕೊಡಿಸೋಣ. ಪುರುಸೊತ್ತಿದ್ದರೆ ಒಂದು ಕತೆ ಹೇಳುತ್ತೇನೆ. ಇಲ್ಲದಿದ್ದರೂ ಹೇಳುತ್ತೇನೆ, ಕೂತುಕೋ" ಎಂದರು.

ಇಂದುಧರ ಕೂತ. ಅವರು ಹೇಳತೊಡಗಿದರು.

ಒಬ್ಬ ಸಂಶೋಧಕನಿದ್ದ. ಬುದ್ಧಿವಂತ, ಅದರಲ್ಲಿ ಎರಡು ಮಾತಿಲ್ಲ. ಮನಸ್ಸೂ ಒಳ್ಳೆಯದೇ. ಕಟ್ಟಡ ಕುಸಿದಾಗ ಕಲ್ಲುಮಣ್ಣಿನ ಕೆಳಗೆ ಸಿಕ್ಕಿಕೊಂಡವರು ಕೂಗಲಾರದೆ ಸಾಯುತ್ತಾರಲ್ಲ, ಅವರನ್ನು ಹುಡುಕುವ ಉಪಕರಣ ಮಾಡಬೇಕೆಂದು ಹೊರಟ. ರಾಶಿಯ ಮೇಲೆ ಇಟ್ಟರೆ ಸಾಕು, ಕೆಳಗೆ ಜೀವದ ಸಣ್ಣ ಮಿಡಿತವಿದ್ದರೂ ಗಡಿಯಾರದಂಥ ಅದರ ಮುಳ್ಳು ಅಲುಗಬೇಕು. ಇಲ್ಲದಿದ್ದರೆ ನೆಟ್ಟಗೆ ನಿಲ್ಲಬೇಕು.

ಉಪಕರಣವೇನೋ ಆಯಿತು. ಆದರೆ ಮುಳ್ಳು ಒಂದು ಗಳಿಗೆ ಸುಮ್ಮನಿರಲೊಲ್ಲದು. ಹೊರಗೆ ಲ್ಯಾಬಿನ ಹುಡುಗರು ಓಡಾಡಿದರೆ ಅಲುಗುತ್ತದೆ, ಬಾಗಿಲು ಹಾಕಿದರೆ ಅಲುಗುತ್ತದೆ. ಅವನು ಹುಡುಗರನ್ನು ಬೇರೆ ಕೋಣೆಗೆ ಕಳಿಸಿದ. ಸಹಾಯಕನನ್ನು ಬೇರೆ ವಿಭಾಗಕ್ಕೆ ಹಾಕಿಸಿದ. ಸಂಜೆಯ ಹೊತ್ತು ಟೀ ಹಿಡಿದು ಬಂದು ಕಾಲೆಳೆಯುತ್ತಿದ್ದ ಗೆಳೆಯನೊಬ್ಬನಿದ್ದ. "ನೀನು ಬಂದರೆ ನನ್ನ ಕೆಲಸ ಹಾಳು" ಎಂದು ಅವನ ಮುಖಕ್ಕೆ ಹೊಡೆದಂತೆ ಹೇಳಿದ. ಗೆಳೆಯ ಲೋಟವನ್ನು ಅಲ್ಲೇ ಇಟ್ಟು ಹೋದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಒಬ್ಬೊಬ್ಬರು ಹೋದಂತೆಲ್ಲ ಮುಳ್ಳಿನ ಕುಣಿತ ಕಡಿಮೆಯಾಗುತ್ತಿತ್ತು. ನೋಡು, ತಾನು ಮಾಡಿದ್ದೇ ಸರಿ ಎನ್ನಲು ಅವನ ಕೈಯಲ್ಲಿ ಸಾಕ್ಷಿಯೂ ಇತ್ತು!

ಕೊನೆಗೆ ಒಂದೇ ಒಂದು ನಡುಕ ಉಳಿಯಿತು. ಸಣ್ಣದು, ಒಂದೇ ಸಮನೆ. ತಂತಿ ಬದಲಾಯಿಸಿದ, ಬೆಸುಗೆ ಬಿಚ್ಚಿ ಮತ್ತೆ ಹಾಕಿದ, ಸ್ಪ್ರಿಂಗ್ ಬದಲಾಯಿಸಿದ. ಹೋಗಲಿಲ್ಲ. ಇದು ಉಪಕರಣದ ಹುಟ್ಟುಗುಣ ಎಂದುಕೊಂಡು, ಅಂಥ ನಡುಕವನ್ನು ಸೋಸಿ ತೆಗೆಯುವ ಸರ್ಕ್ಯೂಟ್ ಒಂದನ್ನು ಕೂರಿಸಿದ. ಮುಳ್ಳು ನೆಟ್ಟಗೆ ನಿಂತಿತು. ಅವನಿಗೆ ಕಣ್ಣಲ್ಲಿ ನೀರು ಬಂತು. ಯಾರಿಗಾದರೂ ಹೇಳಬೇಕು ಎಂದು ಬಾಗಿಲು ತೆಗೆದ. ಪಡಸಾಲೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸ್ವಲ್ಪ ಹೊತ್ತು ನಿಂತು ಒಳಗೆ ಹೋದ.

ಪರೀಕ್ಷೆ ಬಾಕಿ ಇತ್ತು. ಮರಳಿನ ಮೂಟೆಗಳ ಅಡಿಯಲ್ಲಿ ಒಬ್ಬ ಮನುಷ್ಯನನ್ನು ಮಲಗಿಸಿ ನೋಡಬೇಕು. ಯಾರನ್ನು ಕರೆಯುವುದು? ಹೋಗಲಿ ಎಂದು ಒಂದು ಪುಟ್ಟ ಮೋಟಾರನ್ನು ಅಲ್ಲಿಟ್ಟು ತಿರುಗಿಸಿದ. ಮುಳ್ಳು ಅದನ್ನು ಥಟ್ಟನೆ ಹಿಡಿಯಿತು. ಇನ್ನೇನು ಬೇಕು, ಗೆದ್ದೆ ಎಂದುಕೊಂಡ.

ಆಮೇಲೊಂದು ದಿನ ಅದೇ ಊರಿನಲ್ಲಿ ಒಂದು ಕಟ್ಟಡ ಕುಸಿಯಿತು. ಅಧಿಕಾರಿಗಳು ಅವನಿಗೆ ಹೇಳಿಕಳಿಸಿದರು. ಅವನು ಉಪಕರಣ ಹೊತ್ತುಕೊಂಡು ಓಡಿದ. ಎಲ್ಲರನ್ನೂ ಅಲುಗದಂತೆ ನಿಲ್ಲಿಸಿ ಇಟ್ಟ ಕಡೆಯಲ್ಲೆಲ್ಲ ಮುಳ್ಳು ನೆಟ್ಟಗೆ ನಿಂತಿತು. ಇಲ್ಲಿ ಯಾರೂ ಇಲ್ಲ, ಇಲ್ಲಿಯೂ ಯಾರೂ ಇಲ್ಲ ಎಂದು ಹೇಳುತ್ತಾ ಹೋದ. ಅವನು ಹೇಳಿದ ಕಡೆಯಿಂದ ಅಗೆಯುವವರು ಎದ್ದು ಮುಂದೆ ಹೋದರು.

ಒಬ್ಬ ಹೆಂಗಸು ಮಾತ್ರ ಜಾಗ ಬಿಟ್ಟು ಕದಲಲಿಲ್ಲ. "ನನ್ನ ತಮ್ಮ ಇದರ ಕೆಳಗೇ ಇದ್ದಾನೆ ಸ್ವಾಮಿ, ಇನ್ನೊಂದು ಸಲ ನೋಡಿ" ಎಂದಳು.

"ನೋಡಿದೆನಲ್ಲಮ್ಮ. ಉಪಕರಣ ಸುಳ್ಳು ಹೇಳುವುದಿಲ್ಲ" ಎಂದ.

ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಬರಿಗೈಯಲ್ಲೇ ಕಲ್ಲು ಕೀಳತೊಡಗಿದಳು. ನೋಡಲಾರದೆ ನಾಲ್ಕು ಜನ ಕೈ ಸೇರಿಸಿದರು. ತಮ್ಮ ಸಿಕ್ಕಿದ. ಮೈಮೇಲೆ ಎಚ್ಚರವಿರಲಿಲ್ಲ, ಆದರೆ ಉಸಿರಿತ್ತು.

ಸಂಶೋಧಕ ಎಲ್ಲರನ್ನೂ ಮತ್ತೆ ಅಲುಗದಂತೆ ನಿಲ್ಲಿಸಿದ. ಉಪಕರಣವನ್ನು ಆ ಹುಡುಗನ ಎದೆಯ ಮೇಲೆಯೇ ಇಟ್ಟ. ಮುಳ್ಳು ಅಲುಗಲಿಲ್ಲ. ತೆಗೆದು ತನ್ನ ಎದೆಗೆ ಒತ್ತಿ ಹಿಡಿದ. ಆಗಲೂ ಅಲುಗಲಿಲ್ಲ. ಆಗ ಅವನಿಗೆ ಹೊಳೆಯಿತು. ಅಷ್ಟು ದಿನ ಅವನು ಕೂರುತ್ತಿದ್ದದ್ದು ಉಪಕರಣವಿದ್ದ ಮೇಜಿಗೆ ಎದೆ ಒರಗಿಸಿಕೊಂಡು. ದೋಷವೆಂದು ಸೋಸಿ ತೆಗೆದದ್ದು ತನ್ನದೇ ಎದೆಬಡಿತವನ್ನು. ಉಪಕರಣದ ಪಾಲಿಗೆ ಈಗ ಮನುಷ್ಯರು ಯಾರೂ ಇಲ್ಲ, ಅವನೂ ಇಲ್ಲ. "ಅಯ್ಯೋ, ಅಗೆಯಿರಪ್ಪಾ, ಎಲ್ಲ ಕಡೆ ಅಗೆಯಿರಿ" ಎಂದು ಕೂಗುತ್ತಾ, ಬೆಳಗ್ಗೆಯಿಂದ ಎಲ್ಲೆಲ್ಲಿ ಯಾರೂ ಇಲ್ಲವೆಂದು ಹೇಳಿದ್ದನೋ ಅಲ್ಲೆಲ್ಲ ಗುದ್ದಲಿ ಹಿಡಿದು ಓಡಿದ.

ವೃಷಭೇಂದ್ರಯ್ಯನವರು ಅಲ್ಲಿಗೆ ನಿಲ್ಲಿಸಿದರು.

ಇಂದುಧರನಿಗೆ ಆ ಸಂಶೋಧಕನ ಮೇಲೆ ಮರುಕ ಹುಟ್ಟಿತು. ಆದರೆ ಅವನೂ ಎಂಜಿನಿಯರ್ ಅಲ್ಲವೇ, ತಪ್ಪು ಎಲ್ಲಿ ನಡೆಯಿತೆಂದು ಮನಸ್ಸು ಆಗಲೇ ಹುಡುಕುತ್ತಿತ್ತು. ಸಿಕ್ಕಿದ ಕೂಡಲೇ ಮುಖ ಸ್ವಲ್ಪ ಗೆಲುವಾಯಿತು.

"ಸರ್, ಅವನು ಪರೀಕ್ಷೆಯಲ್ಲಿ ಎಡವಿದ, ಅಷ್ಟೇ. ಮೋಟಾರಿನ ಬದಲು ಒಬ್ಬ ಮನುಷ್ಯನನ್ನು ಮಲಗಿಸಿದ್ದರೆ ಆವತ್ತೇ ಗೊತ್ತಾಗುತ್ತಿತ್ತು. ಅದೇನು ದೊಡ್ಡ ವಿಷಯ? ಗುರುತಿನವರಲ್ಲಿ ಯಾರನ್ನಾದರೂ ಒಬ್ಬರನ್ನು ಕರೆದಿದ್ದರೆ ಆಗುತ್ತಿತ್ತು."

ಗುರುಗಳು ಕನ್ನಡಕ ಹಾಕಿಕೊಂಡು ಅವನನ್ನೇ ನೋಡಿದರು.

"ನೀನಾಗಿದ್ದರೆ ಯಾರನ್ನು ಕರೆಯುತ್ತಿದ್ದೆ, ಇಂದುಧರ?"

ಅವನು ಬಾಯಿ ತೆರೆದ. ಒಂದು ಹೆಸರೂ ಬರಲಿಲ್ಲ.