ಇಲಿಗೆ ಓದಿ ಹೇಳಿದ ವಾರಂಟಿ

ಏನಾದರೂ ಕಡಿಯದೆ ಒಂದು ಗಳಿಗೆಯೂ ಕೂರಲಾರದ ಇಲಿಯೊಂದು ಹೊಸ ಕಾರಿನೊಳಗೆ ನುಗ್ಗಿ, ಡ್ಯಾಶ್‌ಬೋರ್ಡಿನ ವೈರಿಗೆ ಬಾಯಿ ಹಾಕಿತು.

"ನಿಲ್ಲು!" ಎಂದು ಪಕ್ಕದ ಖಾನೆಯಲ್ಲಿದ್ದ ವಾರಂಟಿ ಪತ್ರ ಗದರಿತು. "ಶೋರೂಮಿನವರು ಲೀಸಿಗೆ ಕೊಡುತ್ತೇವೆಂದರೂ ಒಲ್ಲೆನೆಂದು, ಯಜಮಾನರಾದ ಗುರುಶಾಂತಪ್ಪನವರು ಅರ್ಧ ದಿನ ಚೌಕಾಸಿ ಮಾಡಿ ಕೊಂಡ ಕಾರಿದು. ಎರಡು ವರ್ಷದ ವಾರಂಟಿ ಸಾಲದೆಂದು ಏಳು ವರ್ಷಕ್ಕೆ ನನ್ನನ್ನು ಕಾವಲಿಟ್ಟಿದ್ದಾರೆ. ಓದದೆಯೇ ಸಹಿ ಹಾಕಿದರು, ಅಷ್ಟು ನಂಬಿಕೆ!"

ಇಲಿ ಬೆಚ್ಚಿ ವೈರು ಬಿಟ್ಟಿತು. ಓಡಿಹೋಗಲು ಮನಸ್ಸಿಲ್ಲ, ಸುಮ್ಮನಿರಲು ಹಲ್ಲು ಬಿಡುತ್ತಿಲ್ಲ. ಅತ್ತ ಎರಡು ಹೆಜ್ಜೆ, ಇತ್ತ ಎರಡು ಹೆಜ್ಜೆ ಹಾಕಿ ಕೇಳಿತು, "ಯಾವುದರಿಂದ ಕಾಯುತ್ತೀರಿ, ಸ್ವಾಮಿ?"

"ಎಲ್ಲದರಿಂದಲೂ! ನೀರು ನುಗ್ಗಿದರೆ, ಗಾಜು ಒಡೆದರೆ, ಟೈರು ಸವೆದರೆ, ಇಲಿ ಕಡಿದರೆ ಮಾತ್ರ ನನಗೆ ಸಂಬಂಧವಿಲ್ಲ."

ಇಲಿಯ ಕಿವಿ ನೆಟ್ಟಗಾಯಿತು. "ಕೊನೆಯದನ್ನು ಇನ್ನೊಮ್ಮೆ ಓದಿ, ಸ್ವಾಮಿ."

ಪತ್ರ ಗತ್ತಿನಿಂದ ಇನ್ನೊಮ್ಮೆ ಓದಿತು. ಓದಿ ಮುಗಿಸುವಷ್ಟರಲ್ಲಿ ಅದರ ಅಂಚು ಇಲಿಯ ಬಾಯಲ್ಲಿತ್ತು.

"ಅಯ್ಯೋ, ಕಾಯುವವನನ್ನೇ ತಿನ್ನುತ್ತೀಯಾ?" ಎಂದು ಪತ್ರ ಚೀರಿತು.

"ಬೇಜಾರು ಮಾಡಿಕೊಳ್ಳಬೇಡಿ, ಸ್ವಾಮಿ," ಎಂದಿತು ಇಲಿ, ಅಗಿಯುತ್ತಲೇ. "ನಿಮ್ಮ ಯಜಮಾನರು ಒಂದು ಪುಟವನ್ನೂ ತಿರುವಲಿಲ್ಲ. ನಾನಾದರೂ ಕೊನೆಯ ಪುಟದವರೆಗೆ ಹೋಗುತ್ತೇನೆ."